ಒಂದು ಚಮಚ ಕರಿ ಎಳೆ

ಮನೆ, ಅಡುಗೆಮನೆಯ ಮೇಜು
ಭಾನುವಾರ, ಮಾರ್ಚ್ ೯, ಬೆಳಿಗ್ಗೆ ಹತ್ತೂವರೆ

ಪ್ರೀತಿಯ ಅಮ್ಮಾ,

ಮೊಣಕಾಲು ಹೇಗಿದೆ? ಮೊದಲು ಅದನ್ನು ಹೇಳು. ಹೋದ ಸಲ ನಾಲ್ಕು ಪುಟ ಬರೆದಿದ್ದೀಯ. ಎರಡು ಪುಟದ ತುಂಬ ಆ ದೈತ್ಯ ರೇಡಿಯೊ ದೂರದರ್ಶಕ, ಅದು ಆಕಾಶಕ್ಕೆ ಕಿವಿಗೊಟ್ಟು ನಿಧಾನಕ್ಕೆ ತಿರುಗುವ ರೀತಿ. ಇನ್ನೆರಡು ಪುಟದ ತುಂಬ ನಿನ್ನ ಕ್ಯಾಂಟೀನಿಗೆ ಬರುವ ವಿಜ್ಞಾನಿಗಳು, ತಮ್ಮ ಊಟ ಆಯಿತೋ ಇಲ್ಲವೋ ಅನ್ನುವುದನ್ನು ನಿನ್ನನ್ನೇ ಕೇಳುವವರು. ಮೊಣಕಾಲಿಗೆ ಸಿಕ್ಕಿದ್ದು ಕೊನೆಯಲ್ಲಿ ಎರಡೇ ಪದ: 'ಕಾಲು ಇದೆ.' ಇದೆ ಅಂತ ನನಗೂ ಗೊತ್ತಮ್ಮ. ಮೆಟ್ಟಿಲು ಹತ್ತಿದರೆ ಕಟಕಟ ಅನ್ನುತ್ತದೋ ಇಲ್ಲವೋ, ಎಣ್ಣೆ ಹಚ್ಚಿಕೊಳ್ಳುತ್ತೀಯೋ ಅಥವಾ ಬಾಟಲಿಯನ್ನು ಕಿಟಕಿಯಲ್ಲಿಟ್ಟು ದಿನಾ ಅದರ ಮುಖ ನೋಡುತ್ತೀಯೋ, ಅದನ್ನು ಬರೆ. ಅಲ್ಲಿ ಗಾಳಿ ಬಹಳ ಅಂದಿದ್ದೆ. ಉಣ್ಣೆಯ ಕಾಲುಚೀಲ ಎರಡು ಜೊತೆ ಬೇರೆ ಪೊಟ್ಟಣದಲ್ಲಿ ಕಳಿಸಿದ್ದೇನೆ. ಬೂದು ಬಣ್ಣದ್ದು ನಿನಗೆ, ಕೆಂಪು ನಿನ್ನ ಜೊತೆ ಪಾತ್ರೆ ತೊಳೆಯುವ ಆ ನಗುಮುಖದ ಹೆಂಗಸಿಗೆ. ನೀವಿಬ್ಬರೂ ಅದಲುಬದಲು ಮಾಡಿಕೊಂಡರೆ ನನ್ನದೇನೂ ಅಡ್ಡಿಯಿಲ್ಲ.

ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ಸಮಾಧಾನಕ್ಕೆ ಬರೆದ ಮಾತಲ್ಲ ಇದು, ನಿಜವಾಗಿಯೂ ಚೆನ್ನಾಗಿದ್ದೇವೆ. ನಾನು ಇದನ್ನು ಬರೆಯುತ್ತಿರುವ ಹೊತ್ತಿಗೆ ಅಪ್ಪ ಮುಂದಿನ ಕೋಣೆಯಲ್ಲಿ ಬೆನ್ನು ಕಿತ್ತುಹೋದ ಒಂದು ದಪ್ಪ ಶಬ್ದಕೋಶಕ್ಕೆ ಗೋಂದು ಹಚ್ಚುತ್ತಾ ಶಿಳ್ಳೆ ಹಾಕುತ್ತಿದ್ದಾರೆ. ಅವರ ಶಿಳ್ಳೆಗೆ ಮೂರೇ ಸ್ವರ, ಅದರಲ್ಲೂ ಒಂದು ಬರೀ ಗಾಳಿ, ನಿನಗೆ ಗೊತ್ತೇ ಇದೆ. ಆದರೆ ಪಾರ್ಶ್ವವಾಯು ಬಡಿದು ಬಲಗೈ ಮುದುಡಿಕೊಂಡ ಮೇಲೆ, ಈ ಎರಡು ವರ್ಷದಲ್ಲಿ ಅವರು ಪುಸ್ತಕ ಕಟ್ಟುವ ಮೇಜಿನ ಮುಂದೆ ಶಿಳ್ಳೆ ಹಾಕಿದ್ದನ್ನು ನಾನು ಕೇಳಿರಲಿಲ್ಲ. ಹಾಗಾಗಿ ಆ ಗಾಳಿಯ ಸ್ವರವನ್ನೂ ಹೊಟ್ಟೆಗೆ ಹಾಕಿಕೊಂಡಿದ್ದೇನೆ. ಇದೆಲ್ಲ ಹೇಗಾಯಿತು ಅನ್ನುವುದೇ ಈ ಪತ್ರ. ಫೋನಿದ್ದಿದ್ದರೆ ಎಂದೋ ಹೇಳಿಬಿಡುತ್ತಿದ್ದೆ. ಒಂದು ಫೋನು ಗುಂಯ್ ಅಂದರೂ ನಿಮ್ಮ ದೂರದರ್ಶಕಕ್ಕೆ ಆಕಾಶ ಕೇಳಿಸುವುದಿಲ್ಲ ಅಂತ ಅಲ್ಲಿ ಯಾರಿಗೂ ಫೋನು ಇಟ್ಟುಕೊಳ್ಳಲು ಬಿಡುವುದಿಲ್ಲವಲ್ಲ, ಅದು ನನಗೆ ಒಳ್ಳೆಯ ನೆಪವಾಗಿತ್ತು. ನಿಜ ಹೇಳಲೇ? ಡಿಸೆಂಬರಿನಿಂದ ನಿನಗೆ ಮೂರು ಪತ್ರ ಬರೆದೆ, ಮೂರರಲ್ಲೂ ಒಂದು ವಿಷಯ ಮುಚ್ಚಿಟ್ಟೆ.

ಮೊದಲು ಅಪ್ಪನ ಬೆಳಗಿನ ವಿಷಯ. ನೀನು ಸೆಪ್ಟೆಂಬರಿನಲ್ಲಿ ಹೊರಟಾಗ ಬಾಗಿಲಲ್ಲಿ ನಿಂತು ನನಗೆ ಹೇಳಿದ್ದು ನೆನಪಿದೆಯಾ? 'ಬೆರಳು ಬಿಡಿಸುವಾಗ ಕಿರುಬೆರಳಿನಿಂದ ಶುರುಮಾಡು, ಹೆಬ್ಬೆರಳು ಕೊನೆಗೆ.' ಹಾಗೇ ಮಾಡಿದೆ ಅಮ್ಮ. ಆದರೆ ನಿನ್ನ ಕೈ ನಿನ್ನದೇ. ನೀನು ಮುದುಡಿದ ಬೆರಳನ್ನು ಒಂದೊಂದಾಗಿ ಬಿಡಿಸುವಾಗ ಅವರು ಪತ್ರಿಕೆ ಓದುತ್ತಾ ಕೂತಿರುತ್ತಿದ್ದರು. ನಾನು ಬಿಡಿಸುವಾಗ ಹಲ್ಲು ಕಚ್ಚಿಕೊಂಡು ಗೋಡೆ ನೋಡುತ್ತಿದ್ದರು. ಬೆರಳು ಬಿಡಿಸಲು ಒಂದು ಕೈ, ಬೆರಳು ಮತ್ತೆ ಮುದುಡದಂತೆ ಹಿಡಿದಿಡುವ ಆ ಗಟ್ಟಿ ಪ್ಲಾಸ್ಟಿಕ್ಕಿನ ಕೈಪಟ್ಟಿಯನ್ನು ಒಳಗೆ ತೂರಿಸಲು ಒಂದು ಕೈ, ಕಟ್ಟಲು ಇನ್ನೊಂದು. ಮೂರು ಕೈಯ ಕೆಲಸ ಅದು. ನಾನು ಏಳೂಕಾಲಿಗೇ ಕೆಲಸಕ್ಕೆ ಓಡಬೇಕಾದ ದಿನ ಅವರು 'ಬಿಡು, ನಾನು ಹಾಕ್ಕೋತೀನಿ' ಅನ್ನುತ್ತಿದ್ದರು. ಒಂಟಿ ಎಡಗೈಯಲ್ಲಿ ಅದು ಆಗದ ಮಾತು ಅಂತ ಇಬ್ಬರಿಗೂ ಗೊತ್ತಿತ್ತು. ಸಂಜೆ ಬಂದು ನೋಡಿದರೆ ಪಟ್ಟಿ ಮೇಜಿನ ಮೇಲೆ, ಬೆರಳು ಅಂಗೈಯೊಳಗೆ. ಉಗುರು ಒತ್ತಿ ಅಂಗೈಯಲ್ಲಿ ನಾಲ್ಕು ಕೆಂಪು ಗುರುತು. ನಿನಗೆ ಬರೆದ ಪತ್ರದಲ್ಲಿ ಮಾತ್ರ 'ಅಪ್ಪನ ಕೈ ಹಾಗೇ ಇದೆ' ಅಂತ ಬರೆದೆ. ಅಂಗೈಯ ಗುರುತಿನ ವಿಷಯ ಬರೆಯಲಿಲ್ಲ. ಬರೆದಿದ್ದರೆ ನೀನು ಸೌಟು ಅಲ್ಲೇ ಬಿಸಾಡಿ ಮರುದಿನದ ಬಸ್ಸು ಹತ್ತುತ್ತಿದ್ದೆ. ಮೂವತ್ತು ವರ್ಷ ಬೇರೆಯವರ ಗಡಿಯಾರ ನೋಡಿಕೊಂಡು ಅಡುಗೆ ಮಾಡಿದವಳು, ಅರವತ್ತು ತುಂಬುವ ಮುಂಚೆ ಒಂದು ವರ್ಷ ನನ್ನ ಪಾಡಿಗೆ ಇರುತ್ತೇನೆ ಅಂತ ಹೊರಟವಳು ನೀನು. ನಿನ್ನನ್ನು ನಾಲ್ಕು ಉಗುರಿನ ಗುರುತು ತೋರಿಸಿ ವಾಪಸ್ ಕರೆಸಲು ನನಗೆ ಮನಸ್ಸಾಗಲಿಲ್ಲ.

ಇನ್ನು ನನ್ನ ಕೆಲಸದ ವಿಷಯ. ನಮ್ಮ ಪ್ರಯೋಗಾಲಯದಲ್ಲಿ ಆಕಾರ ನೆನಪಿಟ್ಟುಕೊಳ್ಳುವ ಪ್ಲಾಸ್ಟಿಕ್ ಮಾಡುತ್ತೇವೆ ಅಂತ ಹೇಳಿದಾಗಲೆಲ್ಲ ನೀನು 'ನಿಮ್ಮಪ್ಪನಿಗಿಂತ ವಾಸಿ' ಅಂತ ನಗುತ್ತಿದ್ದೆ. ಈಗ ಸರಿಯಾಗಿ ಕೇಳು, ಅಡುಗೆಯವಳಿಗೆ ಇದು ಬೇಗ ತಿಳಿಯುತ್ತದೆ. ಈ ಪ್ಲಾಸ್ಟಿಕ್ಕನ್ನು ಅಚ್ಚಿಗೆ ಹೊಯ್ದು ಬೇಯಿಸುವಾಗ ಅದು ಯಾವ ಆಕಾರದಲ್ಲಿತ್ತೋ ಅದೇ ಅದರ ಹುಟ್ಟಿದ ಆಕಾರ. ಆಮೇಲೆ ಬಿಸಿ ಮಾಡಿ ಮೆತ್ತಗಾಗಿಸಿ ಸುತ್ತಿ, ಸುತ್ತಿದ ಹಾಗೇ ಆರಿಸಿದರೆ ಸುತ್ತಿಕೊಂಡೇ ಗಟ್ಟಿಯಾಗಿರುತ್ತದೆ. ಮತ್ತೆ ಬಿಸಿ ತಾಗಿಸಿದರೆ ತಾನಾಗಿ ಬಿಚ್ಚಿಕೊಂಡು ಹುಟ್ಟಿದ ಆಕಾರಕ್ಕೆ ಬರುತ್ತದೆ. ನಮ್ಮ ಮೇಡಂ, ಪ್ರಯೋಗಾಲಯದ ಮುಖ್ಯಸ್ಥೆ, ಇದರಿಂದ ಕೈಪಟ್ಟಿ ಮಾಡಬೇಕೆಂದು ಹೊರಟವರು. ಮುದುಡಿದ ಕೈಯಂತೆಯೇ ಮುದುಡಿದ ಪಟ್ಟಿಯನ್ನು ಬೆರಳ ಸಂದಿಗೆ ಸುಲಭವಾಗಿ ತೂರಿಸುವುದು, ಗುಂಡಿ ಒತ್ತುವುದು, ಪಟ್ಟಿ ಬೆಚ್ಚಗಾಗಿ ಬೆರಳುಗಳನ್ನೂ ಜೊತೆಗೆ ಕರೆದುಕೊಂಡು ನಿಧಾನವಾಗಿ ತೆರೆದುಕೊಳ್ಳುವುದು. ಮೂರು ಕೈಯ ಕೆಲಸಕ್ಕೆ ಒಂದೇ ಬೆರಳು ಸಾಕು. ಆದರೆ ಪ್ಲಾಸ್ಟಿಕ್ಕಿನೊಳಗೆ ಕರೆಂಟು ಹರಿಯುವುದಿಲ್ಲ, ಹರಿಯದೆ ಬೆಚ್ಚಗಾಗುವುದಿಲ್ಲ. ಅದಕ್ಕೆ ಕರೆಂಟು ಹರಿಸುವ ಕಾರ್ಬನ್ ಪುಡಿ ಬೆರೆಸಬೇಕು. ಕಾಡಿಗೆಗಿಂತ ನುಣುಪು, ಕಾಡಿಗೆಗಿಂತ ಕಪ್ಪು. ಮೂರು ದಿನ ಸ್ನಾನ ಮಾಡಿದರೂ ನನ್ನ ಮೂಗಿನಿಂದ ಬರುತ್ತದಲ್ಲ, ಅದೇ.

ಆ ಪುಡಿಯನ್ನು ಬೆರೆಸುವುದೇ ನನ್ನ ಕೆಲಸ, ಅದೇ ನಮ್ಮೆಲ್ಲರ ತಲೆನೋವು. ಹೊಳೆಯಲ್ಲಿ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟುವ ಹಾಗೆ ಕರೆಂಟು ಕಣದಿಂದ ಕಣಕ್ಕೆ ದಾಟಬೇಕು. ಪುಡಿ ಕಡಿಮೆಯಾದರೆ ಕಲ್ಲುಗಳು ದೂರದೂರ, ಕರೆಂಟು ಈ ದಡದಲ್ಲೇ ನಿಂತುಬಿಡುತ್ತದೆ. ಜಾಸ್ತಿಯಾದರೆ ಮಿಶ್ರಣ ಟಾರಿನಂತೆ ಮಂದವಾಗಿ, ಬೆಂದ ಮೇಲೆ ಬಿಸ್ಕತ್ತಿನಂತೆ ಮುರಿಯುತ್ತದೆ. ಸರಿಯಾದ ಅಳತೆ ಹಾಕಿದರೂ ಒಂದೇ ಕಡೆ ಗಂಟು ಕಟ್ಟುತ್ತದೆ, ಬಿಸಿನೀರಿಗೆ ಹಿಟ್ಟು ಒಮ್ಮೆಲೇ ಸುರಿದ ಹಾಗೆ. ಆಗ ಪಟ್ಟಿ ಒಂದು ಕಡೆ ಸುಡುತ್ತದೆ, ಇನ್ನೊಂದು ಕಡೆ ತಣ್ಣಗೆ ಮಲಗಿರುತ್ತದೆ. ಹಾಗೆ ಮೂವತ್ತು ಮಾದರಿ ಮಾಡಿ ಮೂವತ್ತನ್ನೂ ಕಪಾಟಿಗೆ ಎಸೆದಿದ್ದೆವು.

ಮೂವತ್ತೊಂದನೆಯದರ ದಿನ, ಡಿಸೆಂಬರಿನ ಮೊದಲ ವಾರ, ಅಳೆದ ಪುಡಿಯಲ್ಲಿ ಅರ್ಧ ಬೆರೆಸಿದ್ದೆ, ಇನ್ನರ್ಧ ಕಾಗದದ ಮೇಲಿತ್ತು. ರೆಸಿನ್, ಬೆಂದು ಪ್ಲಾಸ್ಟಿಕ್ ಆಗುವ ಆ ಅಂಟು ದ್ರವ, ಬೆಚ್ಚಗಾಗಿ ಕಾಯುತ್ತಿತ್ತು. ಆಗ ಅಪ್ಪನ ಫೋನು ಬಂತು. ಪಟ್ಟಿ ಹಾಕಿಕೊಳ್ಳಲು ಹೋಗಿ ಎರಡು ಬೆರಳು ಅದರ ಅಂಚಿಗೆ ಸಿಕ್ಕಿಕೊಂಡಿದ್ದವು. 'ಏನಿಲ್ಲ, ಸ್ವಲ್ಪ ಸಿಕ್ಕಾಕ್ಕೊಂಡಿದೆ, ನಿಧಾನಕ್ಕೆ ಬಾ' ಅಂದರು. ಆದರೆ ಆ 'ನಿಧಾನಕ್ಕೆ' ಅನ್ನುವಾಗ ಅವರ ಉಸಿರು ನಿಂತು ನಿಂತು ಬರುತ್ತಿತ್ತು. ಗಡಿಬಿಡಿಯಲ್ಲಿ ತಿರುಗಿದೆ. ಮೊಣಕೈ ತಾಗಿ ಕಾಗದದ ಮೇಲಿದ್ದ ಪುಡಿಯೆಲ್ಲ ನೆಲಕ್ಕೆ ಹೋಯಿತು. ಹೊಸ ಡಬ್ಬಿ ಸ್ಟೋರಿನಲ್ಲಿ, ಬೀಗದ ಕೈ ಮೇಡಂ ಬಳಿ, ಮೇಡಂ ಆ ದಿನ ಊರಲ್ಲಿರಲಿಲ್ಲ. ಪಕ್ಕದ ಮೇಜು ಸೈಕಲ್ ಚೌಕಟ್ಟು ಮಾಡುವವರದು. ಅಲ್ಲಿ ಅಕ್ಕಿಕಾಳಿಗಿಂತ ಚಿಕ್ಕದಾಗಿ ಕತ್ತರಿಸಿದ ಕಾರ್ಬನ್ ಎಳೆಯ ಜಾಡಿ ಇತ್ತು. ಅದೂ ಕಪ್ಪು, ಇದೂ ಕಪ್ಪು. ಒಂದು ಚಮಚ ತೆಗೆದು ಸುರಿದೆ. ತಕ್ಕಡಿಯ ಕಡೆ ತಿರುಗಿಯೂ ನೋಡಲಿಲ್ಲ. ಕಲಸಿ, ಅಚ್ಚಿಗೆ ಹೊಯ್ದು, ಓವನ್ ನೋಡಿಕೊಳ್ಳುವವರ ಕೈಗೆ ಕೊಟ್ಟು, ಪುಸ್ತಕದಲ್ಲಿ ಪ್ರತಿ ದಿನ ಬರೆಯುವಂತೆ 'ಕಾರ್ಬನ್ ಪುಡಿ ಹನ್ನೆರಡು ಗ್ರಾಂ' ಅಂತ ಬರೆದು ಮನೆಗೆ ಓಡಿದೆ. ಹೇಗೂ ಕಪಾಟಿಗೆ ಹೋಗುವ ಮಾದರಿ, ಯಾರು ಕೇಳುತ್ತಾರೆ ಅಂತ ಅಂದುಕೊಂಡೆ. ಅಪ್ಪನ ಬೆರಳು ಬಿಡಿಸಿದೆ. ಕಿರುಬೆರಳಿನಿಂದಲೇ ಶುರುಮಾಡಿದೆ.

ಎರಡು ದಿನ ಬಿಟ್ಟು ಮೇಡಂ ಆ ಮಾದರಿಯನ್ನು ಸುತ್ತಿ, ಆರಿಸಿ, ಚಿಕ್ಕ ಬ್ಯಾಟರಿಗೆ ತಂತಿ ಸಿಕ್ಕಿಸಿದರು. ನಾವು ನಾಲ್ಕು ಜನ ಸುತ್ತ ನಿಂತಿದ್ದೆವು, ಆಕಳಿಸುತ್ತಾ. ಅಮ್ಮಾ, ಅದು ಬಿಸಿಲಿನಲ್ಲಿ ಮಲಗಿದ್ದ ಬೆಕ್ಕು ಎದ್ದು ಮೈಮುರಿಯುವ ಹಾಗೆ ತೆರೆದುಕೊಂಡಿತು. ಎಲ್ಲೂ ಸುಡಲಿಲ್ಲ, ಎಲ್ಲೂ ತಡೆಯಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಮೇಡಂ ನನ್ನ ಭುಜ ಹಿಡಿದು 'ಏನ್ ಕಲಸಿದ್ದೀಯ ನೀನು!' ಅಂದರು. ಹೊಗಳಿದ್ದು ಅವರು, ನನ್ನ ಕಣ್ಣು ಮಾತ್ರ ಪಕ್ಕದ ಮೇಜಿನ ಜಾಡಿಯ ಕಡೆ ಹೋಯಿತು.

ಆಗಲೇ ಹೇಳಬಹುದಿತ್ತು. ನಾಳೆ ಹೇಳೋಣ ಅಂದುಕೊಂಡೆ. ಮಾರನೆಯ ದಿನ ಮೇಡಂ ಆಸ್ಪತ್ರೆಗೆ ಸುದ್ದಿ ಕೊಟ್ಟಾಗಿತ್ತು; ಮೊದಲು ಕೈಪಟ್ಟಿ ಹಾಕಿ ನೋಡುವ ಆರು ಜನರ ಹೆಸರನ್ನು, ಕೈಕಾಲಿನ ವ್ಯಾಯಾಮ ಮಾಡಿಸುವ ಅಲ್ಲಿನ ಫಿಸಿಯೋ ಅಕ್ಕ ಬರೆದಿಟ್ಟಿದ್ದರು, ಅದರಲ್ಲಿ ಅಪ್ಪನ ಹೆಸರೂ ಇತ್ತು. ನಾನು ಬಾಯಿಬಿಟ್ಟರೆ ಎಲ್ಲ ನಿಂತುಹೋಗುತ್ತದೆ, ಅಪ್ಪನ ಕೈ ಹೀಗೇ ಉಳಿಯುತ್ತದೆ ಅನ್ನಿಸಿತು. ಗುಟ್ಟಾಗಿ ನಾನೇ ಎಳೆ ಹಾಕಿ ಮಾಡಿಬಿಟ್ಟರೆ ಅಂತಲೂ ಯೋಚಿಸಿದೆ. ಆದರೆ ಮುಂದಿನ ಮಾದರಿಗಳನ್ನು ಮೇಡಂ ನನ್ನ ಪಕ್ಕವೇ ನಿಂತು, ಪುಸ್ತಕದ ಅಂಕಿಯನ್ನು ಜೋರಾಗಿ ಓದುತ್ತಾ ಮಾಡಿಸಿದರು. ಮೂವತ್ತೆರಡು ಕೆಟ್ಟಿತು. ಮೂವತ್ಮೂರು, ಮೂವತ್ನಾಲ್ಕು, ಹೀಗೆ ಮೂವತ್ತೆಂಟರವರೆಗೆ ಒಂದೂ ಬಿಚ್ಚಿಕೊಳ್ಳಲಿಲ್ಲ. ಪುಡಿ ಅದೇ, ರೆಸಿನ್ ಅದೇ, ಅಳತೆ ಅದೇ. ಉಳಿದದ್ದು ಓವನ್ ಒಂದೇ.

ಓವನ್ ನೋಡಿಕೊಳ್ಳುವವರನ್ನು ನಾವು ಒಲೆಯಣ್ಣ ಅಂತ ಕರೆಯುತ್ತೇವೆ. ಇಪ್ಪತ್ತಮೂರು ವರ್ಷದಿಂದ ಅದೇ ಓವನ್ನಿನ ಮುಂದೆ ನಿಂತವರು. ಬಾಗಿಲು ತೆರೆದಾಗ ಮುಖಕ್ಕೆ ಬಡಿಯುವ ಗಾಳಿಯಿಂದಲೇ ಎಷ್ಟು ಡಿಗ್ರಿ ಅಂತ ಹೇಳಬಲ್ಲರು. ಮೇಡಂ ಮೊದಲು ಮೆತ್ತಗೆ ಕೇಳಿದರು, ಆಮೇಲೆ ಗಟ್ಟಿಯಾಗಿ. ಒಲೆಯಣ್ಣ ಓವನ್ನಿನ ನಾಲ್ಕು ಮೂಲೆಗೂ ನಾಲ್ಕು ಥರ್ಮಾಮೀಟರ್ ಇಟ್ಟರು. ಬಾಗಿಲಿನ ರಬ್ಬರ್ ಬದಲಾಯಿಸಿದರು. ಊಟದ ಹೊತ್ತಿನಲ್ಲೂ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಮುಂದೆಯೇ ಕೂತರು. ಜನವರಿಯ ಮಧ್ಯದಲ್ಲಿ ಒಂದು ಬೆಳಿಗ್ಗೆ ನನ್ನನ್ನು ಕರೆದು, ಯಾರಿಗೂ ಕೇಳಿಸದಂತೆ ಹೇಳಿದರು: 'ಕಣ್ಣು ಪರೀಕ್ಷೆ ಮಾಡಿಸ್ಕೊಂಡೆ ತಂಗಿ. ಡಾಕ್ಟ್ರು ಅಂಥದ್ದೇನಿಲ್ಲ ಅಂದ್ರು. ನಾನೇ ಕೇಳಿ ಕನ್ನಡಕ ಬರೆಸ್ಕೊಂಡೆ. ಅಂಕಿ ತಪ್ಪು ಓದ್ತಿದ್ದೀನೇನೋ ಅಂತ ನಂಗೇ ಅನುಮಾನ.' ಜೇಬಿನಿಂದ ಹೊಸ ಕನ್ನಡಕ ತೆಗೆದು ಹಾಕಿಕೊಂಡರು. ಅದು ಮೂಗಿನ ಮೇಲೆ ಕೂರುತ್ತಿರಲಿಲ್ಲ. ಅದೇ ದಿನ ಹತ್ತು ಗಂಟೆಯ ಸಭೆಯಲ್ಲಿ ಮೇಡಂ, 'ಸೋಮವಾರದಿಂದ ಓವನ್ ಬೇರೆಯವರು ನೋಡ್ಕೊಳ್ಳಲಿ, ನೀವು ಸ್ವಲ್ಪ ದಿನ ಸ್ಟೋರಲ್ಲಿರಿ' ಅಂದರು. ಒಲೆಯಣ್ಣ ಕನ್ನಡಕ ಸರಿಮಾಡಿಕೊಂಡು ತಲೆಯಾಡಿಸಿದರು. ಬೇಡದ ಕನ್ನಡಕ ಹಾಕಿಕೊಂಡು, ಮಾಡದ ತಪ್ಪಿಗೆ ತಲೆಯಾಡಿಸುವ ಮನುಷ್ಯನನ್ನು ನೋಡಿಕೊಂಡು ಸುಮ್ಮನೆ ಕೂರುವವಳನ್ನು ನೀನು ಹೆತ್ತಿಲ್ಲ ಅಂತ ನನಗೆ ಆಗ ನೆನಪಾಯಿತು. ತಡವಾಗಿ ನೆನಪಾಯಿತು, ಒಪ್ಪುತ್ತೇನೆ.

ಸಭೆ ಮುಗಿದ ಕೂಡಲೇ ಮೇಡಂ ಕೋಣೆಗೆ ಹೋದೆ. ಬಾಗಿಲು ಹಾಕಿಕೊಂಡು, ನಿಂತುಕೊಂಡೇ ಎಲ್ಲ ಹೇಳಿದೆ. ಪುಡಿ ಚೆಲ್ಲಿದ್ದು, ಎಳೆ ಸುರಿದದ್ದು, ಸುಳ್ಳು ಬರೆದದ್ದು. ಅವರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಬೈಗುಳಕ್ಕೆ ಮೈ ಬಿಗಿ ಹಿಡಿದು ನಿಂತಿದ್ದೆ. ಅವರು ಕೇಳಿದ ಮೊದಲ ಪ್ರಶ್ನೆ: 'ಚಮಚ ತಲೆ ಸವರಿದ್ದೋ, ಗುಡ್ಡೆಯಾಗಿತ್ತೋ?' ಗುಡ್ಡೆಯಾಗಿತ್ತು ಅಂದೆ. ಅದನ್ನು ಬರೆದುಕೊಂಡರು. ಆಮೇಲೆ ಬಂತು ನೋಡು. ದನಿ ಏರಿಸಲಿಲ್ಲ, ಅದೇ ಹೆಚ್ಚು ನೋವಾಯಿತು. 'ಪುಡಿ ಯಾರ ಕೈಯಿಂದ್ಲೂ ಚೆಲ್ಲುತ್ತೆ. ನನ್ ಕೈಯಿಂದ್ಲೂ ಚೆಲ್ಲಿದೆ. ಚೆಲ್ಲೇ ಇಲ್ಲ ಅಂತ ಬರೆದೆಯಲ್ಲ, ಆರು ವಾರ ನಾವೆಲ್ಲ ಇಲ್ಲದ ದಾರೀಲಿ ನಡೆದ್ವಿ. ಆ ಮನುಷ್ಯ ಕಣ್ಣೇ ಹೋಯ್ತು ಅಂದ್ಕೊಂಡ.' ನನ್ನನ್ನೇ ಕರೆದುಕೊಂಡು ಹೋಗಿ ಪುಸ್ತಕ ತೆರೆಸಿದರು. ಸುಳ್ಳು ಅಂಕಿಯ ಮೇಲೆ ಒಂದೇ ಗೆರೆ ಎಳೆಸಿದರು, ಕೆಳಗಿರುವುದು ಓದುವಂತೆಯೇ ಇರಬೇಕು ಅಂದರು. ಪಕ್ಕದಲ್ಲಿ ನಿಜ ಬರೆಸಿ, ಆ ದಿನದ ತಾರೀಕು ಹಾಕಿಸಿ, ಸಹಿ ಮಾಡಿಸಿದರು. ಆಮೇಲೆ ಎಲ್ಲರ ಮುಂದೆ ನಾನೇ ಹೇಳಬೇಕು ಅಂದರು. ಹೇಳಿದೆ. ಒಲೆಯಣ್ಣನ ಕಡೆ ತಿರುಗಿ ಕ್ಷಮೆ ಕೇಳಿದೆ. ಅವರು ಕನ್ನಡಕ ತೆಗೆದು, ಮಡಚಿ, ಜೇಬಿಗೆ ಹಾಕಿಕೊಂಡು, ಓವನ್ನಿನ ಹತ್ತಿರ ಹೋದರು.

ಒಂದು ತಿಂಗಳು ನನಗೆ ತಕ್ಕಡಿ ಮುಟ್ಟಲು ಬಿಡಲಿಲ್ಲ. ಅಚ್ಚು ಉಜ್ಜುವುದು, ನೆಲ ಒರೆಸುವುದು, ಬೇರೆಯವರು ಅಳೆದದ್ದನ್ನು ನಿಂತು ನೋಡುವುದು. ಅದು ಶಿಕ್ಷೆ ಅಂತ ಮೇಡಂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಸಂಜೆ ಮನೆಗೆ ಬಂದು ಅಪ್ಪನಿಗೆ ಹೇಳಿದರೆ ಅವರು, 'ನಾನು ಫೋನ್ ಮಾಡಿದ್ದಕ್ಕೆ ಹಿಂಗಾಯ್ತಾ?' ಅಂದರು. ಅಲ್ಲಪ್ಪ, ಚೆಲ್ಲಿದ್ದು ನಿಮ್ಮ ಫೋನಿನಿಂದ ಇರಬಹುದು, ಬರೆದದ್ದು ನನ್ನ ಕೈ ಅಂದೆ. ಅದಕ್ಕೆ ಅವರು, 'ಸರಿ ಹಾಗಾದ್ರೆ, ಬೈಯೋದು ಬೇರೆಯವ್ರೇ ಬೈದಿದ್ದಾರೆ, ನಾನು ಟೀ ಮಾಡ್ತೀನಿ' ಅಂದು ಎಡಗೈಯಲ್ಲೇ ಟೀ ಮಾಡಿದರು. ಸಕ್ಕರೆ ಎರಡು ಸಲ ಬಿದ್ದಿತ್ತು. ಕುಡಿದೆ.

ಒಲೆಯಣ್ಣ ಮೂರು ದಿನ ನನ್ನ ಜೊತೆ ಮಾತು ಬಿಟ್ಟರು. ನಾಲ್ಕನೆಯ ದಿನ ನಾನು ಅಚ್ಚು ಉಜ್ಜುತ್ತಿದ್ದಾಗ ಬಂದು ಪಕ್ಕದಲ್ಲಿ ನಿಂತು, 'ಆ ಕನ್ನಡಕ ಹಾಕಿದ್ರೆ ಪೇಪರ್ ಓದೋಕೆ ಚೆನ್ನಾಗೇ ಕಾಣುತ್ತೆ. ಅದಕ್ಕೆ ಅರ್ಧ ಕ್ಷಮಿಸಿದ್ದೀನಿ' ಅಂದರು. ಇನ್ನರ್ಧ ಅಂದೆ. 'ನೋಡೋಣ' ಅಂದರು. ಈಗಲೂ ನೋಡುತ್ತಲೇ ಇದ್ದಾರೆ. ಆದರೆ ನಿನ್ನೆ ಅವರ ಡಬ್ಬಿಯಿಂದ ಒಂದು ತುಂಡು ಕೇಕು ನನ್ನ ಮೇಜಿಗೆ ಬಂದಿದೆ, ಅದನ್ನು ಕಾಲು ಭಾಗ ಅಂತ ಲೆಕ್ಕ ಹಿಡಿದಿದ್ದೇನೆ.

ಎಳೆ ಮಾಡಿದ್ದೇನು ಅಂತ ಆಮೇಲೆ ಮೇಡಂ ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಪುಡಿ ಅಲ್ಲಲ್ಲಿ ಗುಂಪು ಗುಂಪಾಗಿ ಕೂತಿತ್ತು, ಗುಂಪುಗಳ ನಡುವೆ ಖಾಲಿ ಜಾಗ. ಆ ಖಾಲಿ ಜಾಗದ ಮೇಲೆ ಒಂದೊಂದು ಎಳೆ ಅಡ್ಡ ಬಿದ್ದಿತ್ತು, ಹಳ್ಳಕ್ಕೆ ಹಲಗೆ ಹಾಕಿದ ಹಾಗೆ. ಹತ್ತಿರದ ಕೆಲಸ ಪುಡಿಯದು, ದೂರದ ಕೆಲಸ ಎಳೆಯದು. ಎರಡೂ ಇದ್ದರೆ ಕಡಿಮೆ ಕರಿ ಸಾಕು, ಪ್ಲಾಸ್ಟಿಕ್ಕೂ ಮುರಿಯುವುದಿಲ್ಲ. ಗುಡ್ಡೆ ಚಮಚ ಅಂದರೆ ಎಷ್ಟು ಗ್ರಾಂ ಅಂತ ಹುಡುಕಲು ಹನ್ನೊಂದು ಮಾದರಿ ಬೇಕಾದವು. ಫೆಬ್ರವರಿಯ ಎರಡನೆಯ ವಾರ ನಲವತ್ತೊಂಬತ್ತನೆಯದು ತೆರೆದುಕೊಂಡಿತು. ಐವತ್ತೂ ತೆರೆದುಕೊಂಡಿತು, ಐವತ್ತೊಂದೂ. ಮೂರನೆಯದು ತೆರೆದ ಮೇಲೆಯೇ ಮೇಡಂ ನಕ್ಕರು.

ಈಗ ಅಪ್ಪನ ಪಟ್ಟಿ. ಅಳತೆ ತೆಗೆದದ್ದು ಫಿಸಿಯೋ ಅಕ್ಕ. ಪಟ್ಟಿ ಮಾಡಿದವಳೇ ಮಗಳಾದರೆ ದೂರ ನಿಂತಿರಬೇಕು ಅಂತ ನಿಯಮ, ನಾನು ಆಸ್ಪತ್ರೆಯ ಬಾಗಿಲಲ್ಲಿ ಗೂಟದಂತೆ ನಿಂತಿದ್ದೆ. ಒಳಗೆ ಮೆತ್ತನೆಯ ಬಟ್ಟೆಯ ಪದರ, ಹೊರಗೆ ಕರಿ ಪಟ್ಟಿ, ಮುಂಗೈ ಹತ್ತಿರ ಬೆಂಕಿಪೊಟ್ಟಣದಷ್ಟು ಬ್ಯಾಟರಿ. ಸ್ನಾನದ ನೀರಿಗಿಂತ ಹೆಚ್ಚು ಬಿಸಿಯಾದರೆ ತಾನೇ ಆರಿಹೋಗುತ್ತದೆ. ಮಲಗುವ ಮುಂಚೆ ಅಪ್ಪ ಅದನ್ನು ಬೆಚ್ಚಗೆ ಮಾಡಿ, ಪುಸ್ತಕದ ಬೆನ್ನು ದುಂಡಗೆ ಮಾಡುವ ತಮ್ಮ ಮರದ ಉರುಳೆಯ ಮೇಲೆ ಎಡಗೈಯಲ್ಲಿ ಸುತ್ತಿಡುತ್ತಾರೆ. ಬೆಳಿಗ್ಗೆ ಮುದುಡಿದ ಬೆರಳೊಳಗೆ ತೂರಿಸಿ ಗುಂಡಿ ಒತ್ತುವುದು, ಅಷ್ಟೇ. ಮನೆಯಲ್ಲಿ ಮೊದಲ ಬೆಳಿಗ್ಗೆ ಅವರು ಕೋಣೆಯ ಬಾಗಿಲು ಹಾಕಿಕೊಂಡರು. 'ನೀನು ನೋಡ್ತಿದ್ರೆ ಆಗಲ್ಲ' ಅಂದರು. ನಾನು ಹೊರಗೆ ಬಾಯಲ್ಲಿ ಹಲ್ಲುಜ್ಜುವ ಬ್ರಷ್ ಇಟ್ಟುಕೊಂಡು, ಉಜ್ಜದೆ ನಿಂತಿದ್ದೆ. ಟಕ್ ಅಂತ ಗುಂಡಿಯ ಸದ್ದಾಯಿತು. ಎರಡು ನಿಮಿಷ ಏನೂ ಇಲ್ಲ. ಆಮೇಲೆ ಮೊಣಕೈಯಿಂದ ಬಾಗಿಲು ತಳ್ಳಿಕೊಂಡು ಬಂದರು, ಬಲಗೈಯನ್ನು ತಟ್ಟೆ ಹೊತ್ತವರ ಹಾಗೆ ಮುಂದೆ ಹಿಡಿದುಕೊಂಡು. 'ಐದೂ ಇವೆ. ಎಣಿಸ್ಕೊಂಡೆ' ಅಂದರು.

ಗುಣವಾಗಿದೆ ಅಂತಲ್ಲ ಅಮ್ಮ, ತಪ್ಪು ತಿಳಿಯಬೇಡ. ಪಟ್ಟಿ ತೆಗೆದರೆ ಬೆರಳು ಮತ್ತೆ ಮುದುಡುತ್ತವೆ. ಹೆಬ್ಬೆರಳಿನ ಕಡೆ ನಿಧಾನವಾಗಿ ಬೆಚ್ಚಗಾಗುತ್ತದೆ, ಅದನ್ನು ಸರಿಮಾಡಬೇಕು. ಹೊಸ ಟೈರಿನ ವಾಸನೆ ಬೇರೆ, ಊಟಕ್ಕೆ ಕೂತರೆ ಮೂಗಿಗೆ ಅದೇ. ಆದರೆ ಅಂಗೈಯ ಉಗುರಿನ ಗುರುತು ಮಾಸಿಹೋಗಿದೆ. ಮೊನ್ನೆ ಅವರು ಈ ಶಬ್ದಕೋಶದ ಕೆಲಸ ಶುರುಮಾಡಿದಾಗ ನಾನು ಬಾಗಿಲಲ್ಲಿ ನಿಂತು ನೋಡಿದೆ. ಎಡಗೈಯಲ್ಲಿ ಬ್ರಷ್. ಬಲಗೈ, ಆ ತೆರೆದ ಬಲಗೈ, ಪುಸ್ತಕ ಅಲುಗಾಡದಂತೆ ಮೇಲೆ ಒತ್ತಿ ಕೂತಿತ್ತು. ಎರಡು ವರ್ಷದಿಂದ ತೊಡೆಯ ಮೇಲೆ ಅತಿಥಿಯಂತೆ ಕೂತಿದ್ದ ಕೈ ಅದು. ಒತ್ತಿ ಹಿಡಿಯುವುದು ದೊಡ್ಡ ಕೆಲಸವೇನಲ್ಲ, ಒಂದು ಇಟ್ಟಿಗೆಯೂ ಮಾಡುತ್ತದೆ. ಅಪ್ಪನಿಗೆ ಆ ಇಟ್ಟಿಗೆ ತಮ್ಮದೇ ಮೈಯಲ್ಲಿ ಸಿಕ್ಕಿತಲ್ಲ, ಶಿಳ್ಳೆ ಅಲ್ಲಿಂದಲೇ ಶುರುವಾದದ್ದು.

ಇಷ್ಟು ದಿನ ಮುಚ್ಚಿಟ್ಟಿದ್ದಕ್ಕೆ ಎಷ್ಟು ಬೇಕಾದರೂ ಬೈದು ಬರೆ, ಎರಡೂ ಬದಿ ತುಂಬಿಸಿ ಬರೆ. ನಿನ್ನ ಊಟ ಮರೆಯುವ ವಿಜ್ಞಾನಿಗಳಿಗೆಲ್ಲ ನನ್ನ ಪರವಾಗಿ ಒಂದೊಂದು ಸೌಟು ಹೆಚ್ಚು ಬಡಿಸು. ಪಾತ್ರೆ ತೊಳೆಯುವ ಆ ಅಕ್ಕನಿಗೆ ನಮಸ್ಕಾರ ತಿಳಿಸು. ನೀನು ಮಾತ್ರ ಮೊಣಕಾಲಿಗೆ ಎಣ್ಣೆ ಹಚ್ಚಿಕೊ, ನಿನ್ನ ಪಾಡಿಗೆ ನೀನು ನೆಮ್ಮದಿಯಾಗಿ ಇರು. ಇಲ್ಲಿ ನಿನಗಾಗಿ ಯಾವ ಕೆಲಸವೂ ನಿಂತುಹೋಗಿಲ್ಲ, ನೀನಿಲ್ಲದೆ ಮನೆ ಮಾತ್ರ ಸ್ವಲ್ಪ ಹೆಚ್ಚು ಅಚ್ಚುಕಟ್ಟಾಗಿದೆ.

ತಲೆ ಸವರಿಸಿಕೊಳ್ಳಲು ಕಾಯುತ್ತಿರುವ,
ನಿನ್ನ ಗುಬ್ಬಿ

ತಾ.ಕ.: ಅಪ್ಪ ಗೋಂದು ತರಲು ಅಂಗಡಿಗೆ ಹೋದರು, ಬರುವಷ್ಟರಲ್ಲಿ ಇದನ್ನು ಬರೆದು ಲಕೋಟೆ ಅಂಟಿಸಬೇಕು. ಶನಿವಾರದ ಬಸ್ಸಿಗೆ ಅವರು ಹೊರಟಿದ್ದಾರೆ. ಒಬ್ಬರೇ. ನಿನ್ನ ಹತ್ತಿರ ಒಂದು ವಾರ ಇರಲು. ನಿನಗೆ ತಿಳಿಸಬಾರದು ಅಂತ ನನ್ನ ಬಾಯಿಗೆ ಬೀಗ ಹಾಕಿದ್ದಾರೆ, 'ಅವಳ ಮುಖ ನಾನು ನೋಡಬೇಕು' ಅಂತ. ನನಗೆ ತಡೆಯಲಾಗಲಿಲ್ಲ; ನೀನು ಕ್ಯಾಂಟೀನಿನ ಬಾಗಿಲಲ್ಲಿ ಅವರನ್ನು ನೋಡಿ ಬಿಸಿ ಪಾತ್ರೆ ಕಾಲ ಮೇಲೆ ಹಾಕಿಕೊಂಡರೆ ಏನು ಗತಿ? ಗೊತ್ತಿಲ್ಲದವಳ ಹಾಗೆ ನಟಿಸು. ಬ್ಯಾಟರಿ ಕಟ್ಟಿದ ತಮ್ಮ ಕೈಯಿಂದ ನಕ್ಷತ್ರಗಳಿಗೆ ಏನಾದರೂ ತೊಂದರೆಯೇ ಅಂತ ದೂರದರ್ಶಕದ ಕಚೇರಿಗೆ ಅವರೇ ಪತ್ರ ಬರೆದು ಕೇಳಿದ್ದರು. ಮೇಡಂ ಕೊಟ್ಟ ವಿವರ ನೋಡಿ, ಆ ಕೈ ಸದ್ದು ಮಾಡುವುದಿಲ್ಲ, ಧಾರಾಳವಾಗಿ ಬನ್ನಿ ಅಂತ ಉತ್ತರ ಬಂದಿದೆ. ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದಾರೆ. ಒಂದೇ ಮಾತು ಅಮ್ಮ. ಭಾನುವಾರ ಬೆಳಿಗ್ಗೆ ಅವರು ನಿನ್ನ ಮುಂದೆ ಕೂತು ಪಟ್ಟಿ ಹಾಕಿಕೊಳ್ಳುತ್ತಾರೆ. ಆಗ ಸಹಾಯಕ್ಕೆ ಕೈ ಚಾಚಬೇಡ, ಎಷ್ಟೇ ಕಷ್ಟವಾದರೂ ಎರಡು ನಿಮಿಷ ಸುಮ್ಮನೆ ಕೂತಿರು. ಬೆರಳು ಐದೂ ಬಿಚ್ಚಿಕೊಂಡ ಮೇಲೆ, ಬೇಕಾದರೆ ಹಿಡಿದುಕೊ.